ಇನ್ನೂರ ಹದಿನಾಲ್ಕನೇ ಬಿಲ್ಲೆ

ಹಲಗೆಯ ಮೇಲಿನ ಮೊಳೆಗಳೆಲ್ಲ ಖಾಲಿಯಾದವು, ಒಂದು ಬಿಟ್ಟು. ಆ ಒಂದರಲ್ಲಿ ಹಿತ್ತಾಳೆಯ ಬಿಲ್ಲೆ ನೇತಾಡುತ್ತಿತ್ತು. ಟೈಂಕೀಪರ್ ಗೋವಿಂದಪ್ಪ ಲ್ಯಾಂಪ್ ರೂಮಿನ ಕಿಟಕಿಯ ಹಿಂದೆ ಅದನ್ನೇ ನೋಡುತ್ತ ನಿಂತಿದ್ದ. ಸೈರನ್ನು ಕೂಗಿ ನಿಂತು ಅರ್ಧ ಗಂಟೆಯಾಗಿತ್ತು. ಸುರಂಗದಿಂದ ಮೇಲೆ ಬಂದವರು ಒಬ್ಬೊಬ್ಬರಾಗಿ ತಮ್ಮ ಕಾರ್ಬೈಡ್ ದೀಪ ಒಪ್ಪಿಸಿ, ತಮ್ಮ ತಮ್ಮ ಬಿಲ್ಲೆ ಇಸಕೊಂಡು ಹೋಗಿದ್ದರು. ಉಳಿದ ದಿನ ಆ ಕಿಟಕಿಯಲ್ಲಿ ಸಂತೆಯ ಗದ್ದಲ. ಇವತ್ತು ಯಾರೂ ತುಟಿಪಿಟಕ್ ಅಂದಿರಲಿಲ್ಲ.

ಮೇಸ್ತ್ರಿ ಉಗ್ರಪ್ಪ ಮೈತುಂಬ ಅದಿರಿನ ಕರಿ ಧೂಳಿನಲ್ಲಿ ಬಂದು ಕಿಟಕಿಯ ಕಟ್ಟೆ ಹಿಡಿದುಕೊಂಡ. "ಮೇಗಳ ಬಂಡೆ ಬಿತ್ತು. ಒಬ್ನೇ ಸಿಕ್ಕಂಡಿದ್ದು. ಮಕ ಗುರ್ತು ಸಿಗಾಂಗಿಲ್ಲ ಸ್ವಾಮಿ," ಎಂದ.

ಅಷ್ಟರಲ್ಲಿ ಪರ್ಸನಲ್ ಆಫೀಸರ್ ಸಾಹೇಬರು ಜೀಪಿನಿಂದ ಇಳಿದು ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಬೆಳಗ್ಗೆ ಎದ್ದು ದೇವರ ಪಟ ನೋಡುವ ಮೊದಲು ಕಂಪನಿಯ ನಿಯಮದ ಪುಸ್ತಕ ನೋಡುವ ಪೈಕಿ. "ಯಾರಪ್ಪಾ ಅದು?" ಎಂದು ಕೇಳಿದರು.

ಗೋವಿಂದಪ್ಪ ಬಿಲ್ಲೆಯ ನಂಬರು ಓದಿದ. ರಿಜಿಸ್ಟರು ತೆರೆದ. ಒಂಬತ್ತು ವರ್ಷದಿಂದ ಹಾಗೆಯೇ ಮಾಡುತ್ತ ಬಂದಿದ್ದ. ನಂಬರು ಓದು, ಪುಟ ತಿರುವು, ಹೆಸರು ಹೇಳು. ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

"ಇನ್ನೂರ ಹದಿನಾಲ್ಕು. ಸಣ್ಣಪ್ಪ ಬಿನ್ ಕರಿಯಪ್ಪ, ಬೇವಿನಹಟ್ಟಿ, ಸರ್."

ಸಾಹೇಬರು ಬರೆದುಕೊಂಡರು. ಹೇಳಿ ಮುಗಿಸಿದ ಮೇಲೆ ಗೋವಿಂದಪ್ಪನ ಬೆರಳು ಆ ಹೆಸರಿನ ಮೇಲೇ ನಿಂತಿತು. ಯಾಕೆಂದರೆ ಸತ್ತವನು ಸಣ್ಣಪ್ಪನಲ್ಲ. ಅದು ಅವನಿಗೆ ಗೊತ್ತಿತ್ತು. ಉಗ್ರಪ್ಪನಿಗೂ ಗೊತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೆಳಗ್ಗೆ ಆರು ಗಂಟೆಯ ಪಾಳಿಗೆ ಆ ಬಿಲ್ಲೆಯನ್ನು ಕಿಟಕಿಯೊಳಗೆ ಚಾಚಿದ್ದವನು ಸಣ್ಣಪ್ಪನ ತಮ್ಮ ಅಂಜನಪ್ಪ.

"ಏನಲೇ, ಇವತ್ತು ನೀನಾ?" ಎಂದು ಗೋವಿಂದಪ್ಪ ನಕ್ಕಿದ್ದ.

"ಹೂಂ ಸ್ವಾಮಿ. ಕುರಿ ಈಯಕ್ಕೆ ಕುಂತವೆ. ಒಂದ್ರದ್ದು ಮರಿ ಅಡ್ಡ ತಿರಿಗೈತೆ. ಕೈ ಹಾಕಿ ತೆಗಿಯಾಕೆ ಅಣ್ಣಂಗೇ ಬರಾದು. ನಂಗೆಲ್ಲಿ ಬತ್ತೈತೆ?"

ಬೇವಿನಹಟ್ಟಿಯವರ ರೀತಿಯೇ ಹಾಗೆ. ಬಿ.ದುರ್ಗದ ಕಡೆಯ ಆ ಹಟ್ಟಿಯಲ್ಲಿ ಕುರಿ ಕಾಯುವ ಸರದಿ ಮನೆಗೆ ಬರುತ್ತದೆಯೇ ಹೊರತು ಆಳಿಗಲ್ಲ. ಇವತ್ತು ಕರಿಯಪ್ಪನ ಮನೆಯ ಸರದಿ ಎಂದರೆ ಆ ಮನೆಯಿಂದ ಅಣ್ಣ ಬಂದನೋ ತಮ್ಮ ಬಂದನೋ, ಮಂದೆ ಕೇಳುವುದಿಲ್ಲ, ಊರೂ ಕೇಳುವುದಿಲ್ಲ. ಕಾಗೆಗುಡ್ಡದಲ್ಲಿ ಗಣಿ ಶುರುವಾಗಿ ಸಣ್ಣಪ್ಪನಿಗೆ ಕೆಲಸ ಸಿಕ್ಕಾಗ ಅವರು ಅದನ್ನೂ ಹಾಗೆಯೇ ತಿಳಿದರು. ಬಿಲ್ಲೆ ಮನೆಗೆ ಕೊಟ್ಟದ್ದು, ಮನೆಯಿಂದ ಒಬ್ಬ ಬಂದರಾಯಿತು. ಅದರಲ್ಲಿ ಮೋಸವಿದೆ ಎಂದು ಅವರಿಗೆ ಹೊಳೆಯಲೂ ಇಲ್ಲ. ಮೊದಲ ಸಲ ಅಂಜನಪ್ಪ ಬಂದಾಗ ಗೋವಿಂದಪ್ಪ ಬೈದಿದ್ದ. ಎರಡನೇ ಸಲ ಗೊಣಗಿದ್ದ. ಆಮೇಲೆ ಬಿಲ್ಲೆ ಮೊಳೆಗೆ, ದೀಪ ಕೈಗೆ. ಸಾಯಂಕಾಲ ಲೆಕ್ಕ ಸರಿಯಿದ್ದರೆ ಸಾಕು, ಯಾರ ಮೂಗು ಹೇಗಿದ್ದರೆ ತನಗೇನು?

ಆದರೆ ಬುಕ್ಕು ಹಾಗೆ ಹೇಳುವುದಿಲ್ಲ. ಗಣಿಯಲ್ಲಿ ಎಲ್ಲರೂ ಕಂಪನಿಯ ನಿಯಮದ ಪುಸ್ತಕವನ್ನು ಬುಕ್ಕು ಎಂದೇ ಕರೆಯುತ್ತಿದ್ದರು. ಕಲ್ಕತ್ತೆಯ ಹೆಡ್ಡಾಫೀಸಿನಿಂದ ಬಂದದ್ದು, ಕೆಂಪು ರೆಕ್ಸಿನ್ ರಟ್ಟು, ಇನ್ನೂರು ಚಿಲ್ಲರೆ ಪುಟ, ಪೂರಾ ಇಂಗ್ಲಿಷು. ಎಷ್ಟು ಹೊತ್ತಿಗೆ ನೀರು ಕುಡಿಯಬೇಕು ಎಂಬುದಕ್ಕೂ ಅದರಲ್ಲೊಂದು ಕಲಮು. ಯಾವುದಾದರೂ ಕಲಮು ಬದಲಾದರೆ ಕಲ್ಕತ್ತೆಯಿಂದ ಒಂದು ಚೀಟಿ ಬರುತ್ತಿತ್ತು, ಅದನ್ನು ಮೈದಾ ಗೋಂದಿನಿಂದ ಹಳೆಯದರ ಮೇಲೆ ಅಂಟಿಸಬೇಕು. ಬಾಗೂರಿನ ಗೋವಿಂದಪ್ಪ ಹೊಸದುರ್ಗದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ನಿಘಂಟು ಇಟ್ಟುಕೊಂಡು, ಪುಟದ ಅಂಚಿಗೆಲ್ಲ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದಿದ್ದ. ಕೂಲಿಗಳು ರಜೆಗೆ, ಗಾಯಕ್ಕೆ, ಜಗಳಕ್ಕೆ ಅವನ ಹತ್ತಿರವೇ ಬರುತ್ತಿದ್ದರು. "ಬುಕ್ಕು ಏನ್ ಅಂತೈತೆ ಸ್ವಾಮಿ?" ಎಂದು ಅವರು ಕೇಳಿದಾಗ ಅವನಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗಿಗೆ ಇವತ್ತು ಬೆಂಕಿ ಬಿತ್ತು.

ಸಾಹೇಬರು ಹೊರಟ ಮೇಲೆ ಅವನು ಬುಕ್ಕು ತೆಗೆದ. ಮೂವತ್ತೊಂದನೇ ಕಲಮು. ಬಿಲ್ಲೆಯನ್ನು ಅದರ ಹಕ್ಕುದಾರನೇ ಸ್ವತಃ ಒಪ್ಪಿಸತಕ್ಕದ್ದು. ಬೇರೆಯವನ ಕೈಗೆ ಕೊಟ್ಟ ಕೂಲಿಯನ್ನು ಕೆಲಸದಿಂದ ತೆಗೆಯತಕ್ಕದ್ದು. ಅಂಥ ಬಿಲ್ಲೆಗೆ ದೀಪ ಕೊಟ್ಟ ಟೈಂಕೀಪರನನ್ನೂ ತೆಗೆಯತಕ್ಕದ್ದು. ಅವನದೇ ಪೆನ್ಸಿಲು, ಅವನದೇ ಅಕ್ಷರ. ಬರೆದಾಗ ಎಷ್ಟು ದುಂಡಗೆ ಬರೆದಿದ್ದ!

ಮಧ್ಯಾಹ್ನ ಗೋವಿಂದಪ್ಪ ಮತ್ತು ಉಗ್ರಪ್ಪ ಹಟ್ಟಿಗೆ ನಡೆದರು. ಗುಡ್ಡ ಇಳಿದರೆ ಒಂದು ಮೈಲಿ. ದಾರಿಯುದ್ದಕ್ಕೂ ಉಗ್ರಪ್ಪ ಒಂದೇ ಮಾತು ಆಡಿದ. "ನೀವೇ ಹೇಳ್ರಿ ಸ್ವಾಮಿ. ನನ್ ಕೈಲಿ ಆಗಾದಿಲ್ಲ."

ಸಣ್ಣಪ್ಪ ಕುರಿರೊಪ್ಪದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎರಡೂ ಕೈ ಮೊಣಕೈವರೆಗೆ ಒದ್ದೆ. ಮುಂದೆ ಆಗ ತಾನೇ ಹುಟ್ಟಿದ ಮರಿ ನಡುಗುತ್ತ ನಿಲ್ಲಲು ನೋಡುತ್ತಿತ್ತು, ತಾಯಿ ಅದರ ಮೈ ನೆಕ್ಕುತ್ತಿತ್ತು. ಬಂದವರನ್ನು ಕಂಡು ಅವನ ಮುಖ ಅರಳಿತು.

"ಬರ್ರಿ ಸ್ವಾಮಿ, ಏನ್ ಅಪರೂಪ! ಎರಡೂ ಜೀವ ಉಳಿದ್ವು ನೋಡ್ರಿ. ಕುಂತ್ಕಳ್ರಿ, ಹಾಲು ಕಾಸ್ತಾರೆ." ಅವರಿಬ್ಬರ ಹಿಂದೆ ಕಣ್ಣು ಹಾಯಿಸಿದ. "ತಮ್ಮ ಬರಲಿಲ್ವಾ?"

ಗೋವಿಂದಪ್ಪ ಬುಕ್ಕನ್ನು ಕಂಕುಳಿಗೆ ಒತ್ತಿಕೊಂಡ, ಉಗ್ರಪ್ಪ ಮುಖ ಆಚೆ ತಿರುಗಿಸಿದ. ಸಣ್ಣಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಒರೆಸುತ್ತಲೇ ಇದ್ದ.

ಮನೆಯೊಳಗೆ ಮೂವರು ಹೆಂಗಸರು. ಸಣ್ಣಪ್ಪನ ಹೆಂಡತಿ ಗಿರಿಯಮ್ಮ, ಅಂಜನಪ್ಪನ ಹೆಂಡತಿ ಮುದ್ದಕ್ಕ, ಇಬ್ಬರು ಗಂಡುಮಕ್ಕಳ ತಾಯಿ ಉಚ್ಚಂಗಮ್ಮ. ಮುದ್ದಕ್ಕನ ಸೊಂಟದಲ್ಲಿ ವರ್ಷ ತುಂಬದ ಹೆಣ್ಣುಕೂಸು. ಗೋವಿಂದಪ್ಪ ವಿಷಯ ಹೇಳಿದ. ಹೇಗೆ ಹೇಳಿದನೋ ಆಮೇಲೆ ಅವನಿಗೇ ನೆನಪಾಗಲಿಲ್ಲ. ಮುದ್ದಕ್ಕ ಕೂಸನ್ನು ಗಿರಿಯಮ್ಮನ ಕೈಗೆ ಕೊಟ್ಟು, ನಿಂತಲ್ಲೇ ಗೋಡೆಗೆ ಒರಗಿ ಕುಸಿದಳು. ಅವಳ ಬಾಯಿಂದ ಕೂಗು ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲೇ ಗೋವಿಂದಪ್ಪ ಕೈ ಮುಗಿದ. "ಅವ್ವಾ, ಒಂದು ಗಳಿಗೆ. ಅಳೋದಕ್ಕೆ ಮುಂಚೆ ಒಂದು ಮಾತು ಕೇಳ್ರಿ." ಆ ಮಾತಿಗಾಗಿ ಅವನು ಜೀವಮಾನವಿಡೀ ತನ್ನನ್ನು ತಾನು ಬೈದುಕೊಂಡ.

ಜೊತೆಗೆ ತಂದಿದ್ದ ಬುಕ್ಕು ತೆರೆದು ಹೇಳಿದ. ಕಂಪನಿಯ ಲೆಕ್ಕದಲ್ಲಿ ಸುರಂಗಕ್ಕೆ ಇಳಿದವನು ಸಣ್ಣಪ್ಪ. ಅಂಜನಪ್ಪ ಎಂಬವನನ್ನು ಕಂಪನಿ ಕಂಡೇ ಇಲ್ಲ. ನಿಜ ಹೇಳಿದರೆ ಅಂಜನಪ್ಪ ಕಳ್ಳತನದಿಂದ ಒಳಗೆ ಹೋದವನಾಗುತ್ತಾನೆ, ಅವನ ಮನೆಯವರಿಗೆ ಕಂಪನಿಯಿಂದ ಏನೂ ಇಲ್ಲ. ಮೇಲಾಗಿ ಸಣ್ಣಪ್ಪನ ಕೆಲಸವೂ ಹೋಗುತ್ತದೆ. ಇನ್ನೊಂದು ಕಲಮು ಇದೆ, ನಲವತ್ತೇಳು. ಕೆಲಸದಲ್ಲಿ ಸತ್ತವನ ಒಡಹುಟ್ಟಿದವನಿಗೆ ಅದೇ ಕೆಲಸ ಕೊಡತಕ್ಕದ್ದು.

"ಅಂದ್ರೆ?" ಎಂದಳು ಗಿರಿಯಮ್ಮ.

"ಅಂದ್ರೆ... ಸತ್ತೋನು ಸಣ್ಣಪ್ಪ ಅಂತಲೇ ಇರಲಿ. ಕೆಲಸ ತಮ್ಮ ಅಂಜನಪ್ಪನಿಗೆ ಬರ್ತದೆ. ಆ ಹೆಸರಲ್ಲಿ ಸಣ್ಣಪ್ಪ ಬಂದು ಸೇರಿಕೊಳ್ಳಲಿ. ಎರಡು ಸಂಸಾರವೂ ಉಣ್ತಾವೆ."

ಮೂವತ್ತೊಂದನೇ ಕಲಮಿನ ಕೊನೆಯ ಸಾಲನ್ನು, ಟೈಂಕೀಪರನ ಸಾಲನ್ನು, ಅವನು ಓದಲಿಲ್ಲ. ಹೆಬ್ಬೆರಳು ಅದರ ಮೇಲಿತ್ತು.

ಹೊರಗೆ ಮರಿ ಕೂಗಿತು, ತಾಯಿಕುರಿ ಉತ್ತರ ಕೊಟ್ಟಿತು. ಉಚ್ಚಂಗಮ್ಮ ಗೋವಿಂದಪ್ಪನನ್ನೇ ದಿಟ್ಟಿಸಿದಳು. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಇಬ್ರನ್ನೂ ಹೆತ್ತೋಳು ನಾನು. ಯಾವನ ಹೆಸರು ಹಿಡ್ದು ಅಳ್ಲಿ, ಅದನ್ನ ಹೇಳ್ರಿ ನಿಮ್ ಬುಕ್ಕು ನೋಡಿ."

ಗೋವಿಂದಪ್ಪ ಬುಕ್ಕು ಮುಚ್ಚಿದ. ಬಾಗಿಲಲ್ಲಿ ನಿಂತಿದ್ದ ಸಣ್ಣಪ್ಪ ಆಗ ಬಾಯಿ ಬಿಟ್ಟ. "ಆಗ್ಲಿ ಬಿಡವ್ವ. ಅವ ನನ್ ಬದ್ಲಿಗೆ ಹೋದ. ನಾನೇ ಸತ್ತೆ ಅನ್ಕಳಾಣ." ಅಷ್ಟು ಹೇಳಿ ರೊಪ್ಪದ ಕಡೆಗೆ ನಡೆದುಬಿಟ್ಟ. ಮುದ್ದಕ್ಕನನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನ ಮಣ್ಣು. ಕಂಪನಿಯ ಪರವಾಗಿ ಹೂವಿನ ಹಾರ ಹಾಕಲು ಸಾಹೇಬರೇ ಬಂದರು, ಅದಕ್ಕೂ ಬುಕ್ಕಿನಲ್ಲಿ ಒಂದು ಕಲಮಿದೆ. ಮುಖ ತೋರಿಸುವಂತಿರಲಿಲ್ಲವಾದ್ದರಿಂದ ಹೆಣವನ್ನು ಪೂರಾ ಕಂಬಳಿಯಲ್ಲಿ ಸುತ್ತಿದ್ದರು. ಸಾಹೇಬರು ಆಳುಗಳನ್ನು ನಂಬರಿನಿಂದ ಬಲ್ಲರೇ ಹೊರತು ಮುಖದಿಂದಲ್ಲ. ಹಟ್ಟಿಯ ನೂರು ಜನಕ್ಕೂ ಒಳಗಿರುವವನು ಯಾರೆಂದು ಗೊತ್ತು. ಒಬ್ಬರೂ ಚಕಾರ ಎತ್ತಲಿಲ್ಲ. ತಮ್ಮವರ ಗುಟ್ಟನ್ನು ಹೊರಗಿನವರ ಮುಂದೆ ಬಿಚ್ಚುವ ಪೈಕಿ ಅಲ್ಲ ಅವರು.

ಮಣ್ಣಿಗೆ ಮೊದಲು ಗಿರಿಯಮ್ಮನನ್ನು ಕಲ್ಲಿನ ಮುಂದೆ ಕೂರಿಸಿದರು. ಬಳೆ ಒಡೆಯಬೇಕಾದ ಮುದುಕಿ ಹುಚ್ಚಕ್ಕ ಕೈ ಹಿಡಿದುಕೊಂಡಳು, ಆದರೆ ಎತ್ತಿ ಕಲ್ಲಿಗೆ ತಾಕಿಸಲಾರಳು. ಗಂಡ ಹತ್ತು ಹೆಜ್ಜೆ ಆಚೆ ಬೇವಿನ ಮರದಡಿ ಕಣ್ಣೆದುರಿಗೇ ನಿಂತಿದ್ದಾನೆ. "ಮುತ್ತೈದೆ ಕೈ ಕಣವ್ವಾ..." ಎಂದು ಪಿಸುಗುಟ್ಟಿದಳು. ಸಾಹೇಬರು ಇತ್ತ ನೋಡುತ್ತಿದ್ದರು. ಗಿರಿಯಮ್ಮ ಮುದುಕಿಯ ಹಿಡಿತದಿಂದ ಕೈ ಬಿಡಿಸಿಕೊಂಡು, ತಾನೇ ಎರಡೂ ಕೈಯನ್ನು ಕಲ್ಲಿಗೆ ಬಡಿದಳು. ಹಸಿರು ಗಾಜು ಚೆಲ್ಲಾಡಿತು. ಬಲಗೈ ಮಣಿಕಟ್ಟಿನಿಂದ ರಕ್ತ ಇಳಿಯಿತು. ಅವಳು ಜೋರಾಗಿ ಅತ್ತಳು, ಆ ಅಳು ಸುಳ್ಳಾಗಿರಲಿಲ್ಲ.

ಉಚ್ಚಂಗಮ್ಮ ಯಾವ ಹೆಸರನ್ನೂ ಹಿಡಿಯಲಿಲ್ಲ. "ನನ್ ಕಂದಾ, ನನ್ ಕಂದಾ" ಎಂದಷ್ಟೇ ಎದೆ ಬಡಿದುಕೊಂಡಳು. ಮುದ್ದಕ್ಕ ಹಣೆಯ ತುಂಬ ಕುಂಕುಮ, ಕೈತುಂಬ ಬಳೆ ಇಟ್ಟುಕೊಂಡು ಹೆಂಗಸರ ಗುಂಪಿನ ಹಿಂದೆ ನಿಂತಿದ್ದಳು. ಕಂಬಳಿ ಸುತ್ತಿದ ಮೈಯನ್ನು ಗುಂಡಿಗೆ ಇಳಿಸುವಾಗ ಮಾತ್ರ ಅವಳು ಎಲ್ಲರನ್ನೂ ಸರಿಸಿ ಮುಂದೆ ನುಗ್ಗಿದಳು. ಅತ್ತೆ ಹಿಡಿದೆಳೆದು ಅವಳ ಮುಖವನ್ನು ತನ್ನ ಸೆರಗಿನಲ್ಲಿ ಒತ್ತಿಕೊಂಡಳು.

"ನಾದಿನಿಯೇನು? ಭಾವನನ್ನ ತುಂಬ ಹಚ್ಚಿಕೊಂಡಿದ್ದಳು ಅಂತ ಕಾಣ್ತದೆ," ಎಂದರು ಸಾಹೇಬರು.

"ತಮ್ಮನ ಹೆಂಡ್ತಿ ಸರ್. ಹೌದು ಸರ್," ಎಂದ ಗೋವಿಂದಪ್ಪ.

ನಲವತ್ತೇಳನೇ ಕಲಮು ಹೇಳಿದ ಮಾತಿಗೆ ತಪ್ಪಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸಣ್ಣಪ್ಪ ಹೊಸ ಬಿಲ್ಲೆ ಹಿಡಿದು ಬಂದ, ಮುನ್ನೂರ ಎಂಬತ್ತೊಂದು. ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತಿದ. ಅದರ ಪಕ್ಕದಲ್ಲಿ ಅಂಜನಪ್ಪ ಬಿನ್ ಕರಿಯಪ್ಪ ಎಂದು ಗೋವಿಂದಪ್ಪನೇ ದುಂಡಗೆ ಬರೆದ. ಇಲ್ಲಿಗೆ ಮುಗಿಯಿತು ಎಂದುಕೊಂಡ.

ಎಲ್ಲಿ ಮುಗಿಯುತ್ತದೆ? ಅಪಘಾತದ ವರದಿ ಕಲ್ಕತ್ತೆಗೆ ಹೋಗಿತ್ತಲ್ಲ, ಅಲ್ಲಿ ದೊಡ್ಡ ದೊಡ್ಡವರು ಕೂತು ಯೋಚನೆ ಮಾಡಿ ಒಂದು ಚೀಟಿ ಕಳಿಸಿದರು. ಬರೀ ನಂಬರಿನಿಂದ ಆಳಿನ ಗುರುತು ಸಾಲದು. ಇನ್ನು ಮುಂದೆ ದೀಪ ಕೊಡುವಾಗ ಟೈಂಕೀಪರನು ಪ್ರತಿಯೊಬ್ಬನ ಹೆಸರನ್ನೂ ಎಲ್ಲರಿಗೂ ಕೇಳಿಸುವಂತೆ ಕೂಗತಕ್ಕದ್ದು, ಆಳು ಓಗೊಡತಕ್ಕದ್ದು. ಗೋವಿಂದಪ್ಪ ಮೈದಾ ಕಲಸಿ ಚೀಟಿಯನ್ನು ಮೂವತ್ತೊಂದನೇ ಕಲಮಿನ ಮೇಲೆ ಅಂಟಿಸಿದ. ಅವನ ಪೆನ್ಸಿಲಿನ ಅಕ್ಷರ ಅಡಿಗೆ ಹೋಯಿತು.

ಮರುದಿನ ಬೆಳಗ್ಗೆ ಸಾಲು ನಿಂತಿತು. ಒಂದೊಂದೇ ಹೆಸರು ಕೂಗುತ್ತ ಬಂದ. ಮುನ್ನೂರ ಎಂಬತ್ತೊಂದು ಬಂತು.

"ಅಂಜನಪ್ಪ!"

ಸಣ್ಣಪ್ಪ ಎದುರಿಗೇ ನಿಂತಿದ್ದ. ಕೇಳಿಸಿಕೊಂಡವನು ತಟ್ಟನೆ ಹಿಂದಕ್ಕೆ ತಿರುಗಿ ನೋಡಿದ. ತಮ್ಮ ಎಲ್ಲೋ ಹಿಂದೆ ಬರುತ್ತಿದ್ದಾನೆ ಎಂಬಂತೆ ನೋಡಿದ. ಸಾಲಿನಲ್ಲಿದ್ದ ಹಟ್ಟಿಯವರು ತಲೆ ತಗ್ಗಿಸಿ ಕಾಲಿನಿಂದ ನೆಲ ಕೆದಕಿದರು. ಕೊನೆಗೆ ಉಗ್ರಪ್ಪ ಅವನ ಬೆನ್ನು ಮುಟ್ಟಿದ ಮೇಲೆ, "ಹೂಂ" ಎಂದು ದೀಪ ಇಸಕೊಂಡ. ದಿನ ಕಳೆದ ಹಾಗೆ ತಿರುಗಿ ನೋಡುವುದು ನಿಂತಿತು. ಆದರೆ ಆ "ಹೂಂ" ಹೊರಡಲು ಪ್ರತಿ ದಿನವೂ ಅಷ್ಟೇ ಹೊತ್ತು ಹಿಡಿಯಿತು.

ಮಣ್ಣಾಗಿ ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮುದ್ದಕ್ಕ ಲ್ಯಾಂಪ್ ರೂಮಿಗೆ ಬಂದಳು. ಸೌದೆಗೆ ಹೊರಟವಳು, ಕೈಯಲ್ಲಿ ಕುಡುಗೋಲು, ಹೆಗಲಲ್ಲಿ ಹಗ್ಗ. ಬಹಳ ಸೊರಗಿದ್ದಳು. ಕುಂಕುಮ ಮಾತ್ರ ಕಾಸಿನಗಲ ಕೆಂಪಗೆ ಇತ್ತು.

"ಒಂದು ಮಾತು ಕೇಳ್ಬೇಕಿತ್ತು ಸ್ವಾಮಿ. ಬುಕ್ಕಿನಾಗೆ ಎಷ್ಟು ದಿನ ಅಂತ ಬರ್ದೈತೆ?"

"ಏನು ತಾಯಿ?"

"ನಾನು ಹಿಂಗಿರಾದು." ಅವಳು ಹಣೆ ಮುಟ್ಟಿಕೊಂಡಳು. "ಅಕ್ಕ ಗಂಡನ್ನ ಇಟ್ಕಂಡು ಬೋಳು ಹಣೇಲಿ ತಿರುಗ್ತಾಳೆ. ಕಂಪನಿಯೋರು ಯಾವಾಗ ಬತ್ತಾರೋ ಅಂತ ಅವಳಿಗೂ ಹೆದರಿಕೆ. ನಾನು ಇದನ್ನ ಇಟ್ಕಂತಾ ಐದೀನಿ. ದಿನಾ ಬೆಳಗ್ಗೆ ಕನ್ನಡಿ ಹಿಡೀತೀನಿ, ಕೈ ಬರಾದಿಲ್ಲ ಸ್ವಾಮಿ."

ಬುಕ್ಕು ಮೇಜಿನ ಮೇಲೇ ಇತ್ತು. ಅದರಲ್ಲಿ ಎಲ್ಲದಕ್ಕೂ ಉತ್ತರವಿತ್ತು, ಇದಕ್ಕಿರಲಿಲ್ಲ. ನಾಲ್ಕು ತಿಂಗಳಿಂದ ಒಳಗೆ ಕೊಳೆಯುತ್ತಿದ್ದದ್ದು ಹೊರಗೆ ಬಂತು.

"ಅವತ್ತು ನಾನು ಒಂದು ಸಾಲು ಓದಲಿಲ್ಲ ತಾಯಿ. ನಿಜ ಹೇಳಿದ್ರೆ ನನ್ನ ಕೆಲಸವೂ ಹೋಗ್ತಿತ್ತು. ಅದನ್ನ ಮುಚ್ಚಿಟ್ಟೆ."

ಅವಳು ಬೆಚ್ಚಲಿಲ್ಲ. "ಗೊತ್ತೈತೆ. ಉಗ್ರಪ್ಪಣ್ಣ ಅವತ್ತೇ ಹೇಳ್ತು. ನೀವೂ ಮಕ್ಕಳೊಂದಿಗರು." ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹಟ್ಟಿಯಾಗೆ ಯಾರೂ ಅವರ ಹೆಸರು ಎತ್ತಾಂಗಿಲ್ಲ. ಅತ್ತೆನೂ ಎತ್ತಾದಿಲ್ಲ. ಭಾವನ್ನ ಹೊಸ ಹೆಸರಾಗೆ ಕರಿಯಾಕೆ ಯಾರಿಗೂ ನಾಲಿಗೆ ಹೊರಳಾದಿಲ್ಲ, ಇವ್ನೆ ಅಂತಾರೆ. ನಾನಂತೂ ಕಟ್ಕಂಡೋನ ಹೆಸರು ಬಾಯಾಗೆ ಆಡೋಳಲ್ಲ." ತಲೆ ಎತ್ತಿದಳು. "ಇಲ್ಲಿ ದಿನಾ ಕೂಗ್ತೀರಂತೆ. ಹೌದಾ?"

"ಹೌದು ತಾಯಿ. ರೂಲು."

"ಎಷ್ಟೊತ್ತಿಗೆ?"

"ಬೆಳಗ್ಗೆ ಆರಕ್ಕೆ. ಒಂದೇ ಸಲ."

ಅವಳು ತಲೆಯಾಡಿಸಿ ಹೋದಳು.

ಮಾರನೆಯ ಬೆಳಗ್ಗೆ ಹೆಸರು ಕೂಗುತ್ತಿದ್ದಾಗ ಗೋವಿಂದಪ್ಪನ ಕಣ್ಣು ಮುಳ್ಳುತಂತಿಯ ಬೇಲಿಯ ಕಡೆಗೆ ಹೋಯಿತು. ಬೇಲಿಯಾಚೆ, ಗುಡ್ಡಕ್ಕೆ ಸೌದೆಗೆ ಹೋಗುವ ಹಾದಿಯಲ್ಲಿ ಮುದ್ದಕ್ಕ ನಿಂತಿದ್ದಳು. ಹಗ್ಗವನ್ನು ಕೆಳಗಿಟ್ಟಿದ್ದಳು. ಅವನು ಕೂಗಿದ. ಸಣ್ಣಪ್ಪ ತಡೆದು ಹೂಂಗುಟ್ಟಿದ. ಅವಳು ಹಗ್ಗ ಎತ್ತಿಕೊಂಡು ಹೋದಳು. ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ. ಸಣ್ಣಪ್ಪ ಒಮ್ಮೆಯೂ ಬೇಲಿಯ ಕಡೆ ನೋಡಲಿಲ್ಲ, ಆದರೆ ಅವಳು ಬರುವುದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

ಯುಗಾದಿ ಕಳೆದು ಬಿಸಿಲು ಏರಿದ ದಿನಗಳಲ್ಲಿ ಗೋವಿಂದಪ್ಪನಿಗೆ ಕೆಮ್ಮು ಹತ್ತಿತು. ಅದಿರಿನ ಧೂಳು ಲ್ಯಾಂಪ್ ರೂಮಿನವರನ್ನೂ ಬಿಡುವುದಿಲ್ಲ. ಆ ಬೆಳಗ್ಗೆ ಗಂಟಲಿನಿಂದ ದನಿಯೇ ಹೊರಡದು. ಅದರ ಮೇಲೆ ಹಿಂದಿನ ಪಾಳಿಯ ಲಾರಿ ಅದಿರು ತುಂಬಿಕೊಂಡು ಅಲ್ಲೇ ಗುರುಗುಟ್ಟುತ್ತಿತ್ತು. ಅವನು ಮುನ್ನೂರ ಎಂಬತ್ತೊಂದನ್ನು ಮೊಳೆಗೆ ಹಾಕಿ ಹೆಸರು ಹೇಳಿದ. ಸಣ್ಣಪ್ಪ "ಹೂಂ" ಎಂದು ದೀಪಕ್ಕೆ ಕೈ ಚಾಚಿದ. ಮುಂದಿನವನು ಬಿಲ್ಲೆ ಹಿಡಿದು ಕಾದಿದ್ದ.

ಗೋವಿಂದಪ್ಪ ಬೇಲಿಯ ಕಡೆ ನೋಡಿದ. ಮುದ್ದಕ್ಕ ಇನ್ನೂ ನಿಂತೇ ಇದ್ದಳು. ಹಗ್ಗ ಕೆಳಗೇ ಇತ್ತು. ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿಕೊಂಡು ಇತ್ತ ಕತ್ತು ಚಾಚಿದ್ದಳು.

ಒಬ್ಬನ ಹೆಸರನ್ನು ಎರಡು ಸಲ ಕೂಗುವುದಕ್ಕೆ ಬುಕ್ಕಿನಲ್ಲಿ ಕಲಮಿಲ್ಲ. ಗೋವಿಂದಪ್ಪ ದೀಪವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡ. ಲಾರಿ ಹೊರಟು ಗುಡ್ಡದ ತಿರುವು ದಾಟಿ ಸದ್ದು ಅಡಗುವವರೆಗೆ ಕಾದ. ಸಾಲಿನಲ್ಲಿ ಒಬ್ಬರೂ ಗೊಣಗಲಿಲ್ಲ. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಕಿಟಕಿಯಿಂದ ಮುಖ ಹೊರಗೆ ಹಾಕಿ, ಇದ್ದಬದ್ದ ದನಿಯಲ್ಲಿ ಕೂಗಿದ.

"ಅಂಜನಪ್ಪಾ!"

ಸಣ್ಣಪ್ಪನೂ ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ, ಓಗೊಟ್ಟ.

ಬೇಲಿಯಾಚೆ ಮುದ್ದಕ್ಕ ಬಗ್ಗಿ ಹಗ್ಗ ಎತ್ತಿಕೊಂಡಳು. ಅದನ್ನು ಹೆಗಲಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಗುಡ್ಡದ ಹಾದಿ ಹಿಡಿದಳು.